ಎಡಗಡೆ ಸೀಟಿನ ಬ್ರೇಕು

ನಾನು ಮಧುಗಿರಿಯ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದು ನಿವೃತ್ತನಾದವನು. ನಿವೃತ್ತಿ ಅನ್ನುವುದು ದೊಡ್ಡ ಮಾತಾಯಿತು. ಒಂದು ದಿನ ಓನರ್ ಗೋವಿಂದಪ್ಪನವರು, "ರಂಗಧಾಮಣ್ಣ, ಇನ್ಮೇಲೆ ಮನೇಲಿ ಆರಾಮಾಗಿರು" ಅಂದರು. ಅಂದಿನಿಂದ ಆರಾಮಾಗಿರಲು ಪ್ರಯತ್ನಿಸುತ್ತಿದ್ದೇನೆ, ಇನ್ನೂ ಸರಿಯಾಗಿ ಕೈಗೆ ಹತ್ತಿಲ್ಲ. ನನ್ನ ಜಾಗಕ್ಕೆ ಬಂದ ಹುಡುಗರು ಮೊನ್ನೆ ಮನೆಗೆ ಬಂದಿದ್ದರು. "ಸರ್, ಕಾರು ಓಡ್ಸೋದು ನಮಗೆ ಗೊತ್ತು. ಕಲಿಸೋದು ಹೆಂಗೆ ಅಂತ ಒಂದೀಟು ಬರ್ದುಕೊಡಿ" ಅಂದರು. ಅದೇನು ಮಹಾ ಕೆಲಸ ಎಂದು ಒಪ್ಪಿಕೊಂಡೆ. ಬರೆಯಲು ಕೂತ ಮೇಲೆ ನನಗೂ ಅದು ಸರಿಯಾಗಿ ಗೊತ್ತಿಲ್ಲ ಎಂದು ಗೊತ್ತಾಯಿತು.

ಮೊದಲು ಸೀಟಿನ ವಿಷಯ ಹೇಳುತ್ತೇನೆ. ನಮ್ಮ ಕೆಲಸದ ಜಾಗ ಕಾರಿನ ಎಡಗಡೆ ಸೀಟು. ಮಾವಂದಿರು, ಹೆಂಡತಿಯರು, ಮದುವೆಯಲ್ಲಿ ಹೆಣ್ಣಿನ ಸೋದರಮಾವ ಕೂರುವ ಜಾಗ ಅದು. ಅಲ್ಲಿ ನಮ್ಮ ಕಾಲ ಕೆಳಗೆ ಒಂದು ಬ್ರೇಕು, ಒಂದು ಕ್ಲಚ್ಚು ಬೇರೆಯಾಗಿ ಇರುತ್ತವೆ. ಕಲಿಯುವವರ ಪೆಡಲಿಗೂ ನಮ್ಮ ಪೆಡಲಿಗೂ ಒಂದು ಸರಳಿನ ನಂಟು. ನಾವು ಒತ್ತಿದರೆ ಅವರ ಕಡೆಯದೂ ಒಳಗೆ ಹೋಗುತ್ತದೆ. ಅಂದರೆ, ಈಗಿನ ಹುಡುಗರು ಮಾಡಿಫೈ ಮಾಡಿಫೈ ಎಂದು ಬಾಯಿ ಬಡಿದುಕೊಳ್ಳುತ್ತಾರಲ್ಲ, ಆ ಲೆಕ್ಕದಲ್ಲಿ ನಾನು ಬದುಕೆಲ್ಲ ಮಾಡಿಫೈ ಮಾಡಿದ ಕಾರಿನಲ್ಲೇ ಕೂತವನು. ಇದು ನನಗೆ ಹೊಳೆದದ್ದು ನಿವೃತ್ತನಾದ ಮೇಲೆ.

ನಮ್ಮ ಸ್ಕೂಲಿನ ಕಾರುಗಳಿಗೆಲ್ಲ ಆ ಪೆಡಲು ಕೂರಿಸಿಕೊಡುತ್ತಿದ್ದವರು ಸಿರಾದ ಅನ್ವರ್ ಭಾಯಿ. ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ಅವರ ಗ್ಯಾರೇಜು. ಮಾತು ಕಡಿಮೆ, ಟೀ ಜಾಸ್ತಿ. ಕಾರು ಬಿಟ್ಟು ಬಂದರೆ ಯಾವಾಗ ಕೊಡುತ್ತೀರಿ ಎಂದು ಕೇಳುವ ಹಾಗಿಲ್ಲ, ಕೇಳಿದರೆ ಇನ್ನೊಂದು ದಿನ ತಡವಾಗುತ್ತಿತ್ತು.

ಇನ್ನು ಭಾಷೆ. ಕಲಿಸುವವನಿಗೆ ಕೈಕಾಲಿಗಿಂತ ಬಾಯಿ ಮುಖ್ಯ, ಆ ಬಾಯಿಯೇ ನನ್ನನ್ನು ಬಹಳ ಸಲ ಕೆಡಿಸಿದೆ. ನಮ್ಮ ಕಡೆ ಕಾರು ಓಡಿಸುವುದಕ್ಕೆ 'ಕಾರು ಬುಡೋದು' ಅನ್ನುತ್ತೇವೆ. ಕ್ಲಚ್ಚಿನ ಮೇಲಿಂದ ಕಾಲು ತೆಗೆಯುವುದಕ್ಕೂ 'ಬುಡು'. ಹೋಗಲಿ ಸುಮ್ಮನಿರು ಅನ್ನುವುದಕ್ಕೂ 'ಬುಡು'. ಪಕ್ಕದವನಿಗೆ ದಾರಿ ಕೊಡು ಅನ್ನುವುದಕ್ಕೂ ಅದೇ. ನಾನು ದಿನವಿಡೀ "ಬುಡು, ಬುಡು, ನಿಧಾನಕ್ಕೆ ಬುಡು" ಅನ್ನುತ್ತಿದ್ದೆ. ನಮ್ಮ ಊರ ಹುಡುಗರಿಗೆ ನನ್ನ ದನಿ ಕೇಳಿದರೇ ಯಾವ ಬುಡು ಎಂದು ಗೊತ್ತಾಗುತ್ತಿತ್ತು.

ಪಾವಗಡದ ಕಡೆಯವರು ಬರಲು ಶುರುವಾದ ಮೇಲೆ ಕಷ್ಟಕ್ಕಿಟ್ಟುಕೊಂಡಿತು. ಅವರ ಮನೆಮಾತು ತೆಲುಗು. ನನ್ನ 'ಬುಡು' ಅವರ ತಲೆಯೊಳಗೆ 'ವದಿಲೇಯ್' ಆಗುತ್ತಿತ್ತು. ವದಿಲೇಯ್ ಅಂದರೆ ಕೈಬಿಡು, ಅಷ್ಟೇ. ಅದರಲ್ಲಿ ಓಡಿಸು ಅನ್ನುವ ಅರ್ಥವಿಲ್ಲ. ಹಾಗಾಗಿ ಅಲ್ಲಿಯ ಕಿರಾಣಿ ಅಂಗಡಿಯವರೊಬ್ಬರು, ಗೌರಿಬಿದನೂರು ರಸ್ತೆಯಲ್ಲಿ ಕಾರು ಚೆನ್ನಾಗಿ ಹೋಗುತ್ತಿರುವಾಗ ನಾನು ಖುಷಿಯಿಂದ "ಹೂಂ, ಹಂಗೇ ಬುಡಿ ಸಾಹುಕಾರ್ರೇ" ಅಂದದ್ದೇ ತಡ, ಎರಡೂ ಕೈಯನ್ನು ಸ್ಟೇರಿಂಗಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ವಿಧೇಯರಾಗಿ ಕೂತುಬಿಟ್ಟರು. ನಾನು ಬ್ರೇಕು ಒತ್ತಿ ಕೂಗಾಡಿದರೆ, "ಮೀರೇ ಕದಾ ಸಾರ್, ನೀವೇ ತಾನೇ ಬುಡು ಅಂದಿದ್ದು" ಅಂತ ನನ್ನ ಮೇಲೇ ತಿರುಗಿದರು. ಸಿರಾದ ಸಾಬರ ಹುಡುಗರಿಗೂ ಇದೇ ಪಾಡು, ಅವರಲ್ಲಿ 'ಛೋಡೋ' ಬೇರೆ, 'ಚಲಾವೋ' ಬೇರೆ. ಬಿಡುವುದೂ ಓಡಿಸುವುದೂ ಒಂದೇ ಮಾತಾಗಿರುವುದು ನಮ್ಮಲ್ಲಿ ಮಾತ್ರವೇನೋ.

ಈಚಿನ ವರ್ಷಗಳಲ್ಲಿ ಹುಡುಗರು ಲೈಸೆನ್ಸು ಕೈಗೆ ಬಂದ ಕೂಡಲೇ ನನ್ನನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ. "ಸರ್, ಮಾಡಿಫೈ ಮಾಡಿರೋ ಗಾಡಿ ರೆಡಿ ತಗೊಳ್ಳೋದಾ, ಇಲ್ಲಾ ನಾವೇ ಒಂದೊಂದೇ ಹಾಕಿಸ್ಕೊಂಡು ಮಾಡ್ಕೊಳ್ಳೋದಾ?" ನಾನು ಯಾರಿಗೂ ಒಂದೇ ಉತ್ತರ ಕೊಟ್ಟವನಲ್ಲ. ಬೆಳಿಗ್ಗೆ ಕೇಳಿದವನಿಗೆ ರೆಡಿ ತಗೋ ಅಂದರೆ ಸಂಜೆ ಕೇಳಿದವನಿಗೆ ನೀನೇ ಮಾಡ್ಕೋ ಅಂದಿರುತ್ತಿದ್ದೆ.

ಕೊರಟಗೆರೆಯ ಹುಡುಗನೊಬ್ಬ ಫೋನು ಮಾಡಿ, "ಸರ್, ಗಾಡಿ ಇಳಿಸ್ದೆ" ಅಂದ. ಹೊಸ ಗಾಡಿ ಮನೆಗೆ ತಂದರೆ ಹಾಗೇ ಅನ್ನುವುದು. "ಬಾಳ ಸಂತೋಷ ಕಣಪ್ಪ, ಪಾವಗಡಕ್ಕೆ ಹೋಗಿ ಶನಿಮಹಾತ್ಮನ ಮುಂದೆ ಪೂಜೆ ಮಾಡಿಸ್ಕೊಂಡು ಬಾ" ಅಂದೆ. ಅವನು ಪೂಜೆ ಮಾಡಿಸಿಕೊಂಡು ನೇರ ನಮ್ಮ ಸ್ಕೂಲಿಗೇ ಬಂದ. ನೋಡಿದರೆ ಅದು ಬೆಂಗಳೂರಿನ ಯಾರೋ ಮಾಡಿಸಿದ್ದ ಹಳೇ ಕಾರು, ಸ್ಪ್ರಿಂಗು ಕತ್ತರಿಸಿ ನೆಲಕ್ಕೆ ಇಳಿಸಿದ್ದರು. ಪಾವಗಡದಿಂದ ಮಧುಗಿರಿಯವರೆಗಿನ ಅಷ್ಟೂ ರೋಡ್ ಹಂಪುಗಳಿಗೆ ಹೊಟ್ಟೆ ಉಜ್ಜಿಕೊಂಡು ಬಂದಿತ್ತು. "ನೀವೇ ಸಂತೋಷ ಅಂದ್ರಲ್ಲ ಸರ್" ಅಂತ ಅವನ ದೂರು. ಆರ್.ಸಿ.ಯಲ್ಲಿ ಇರುವ ಕಾರೇ ಬೇರೆ, ರಸ್ತೆಯ ಮೇಲೆ ಇರುವ ಕಾರೇ ಬೇರೆ ಆಗಿದ್ದರಿಂದ ಕೊನೆಗೆ ಅದನ್ನು ಪುನಃ ಎತ್ತಿಸಬೇಕಾಯಿತು. ಹಾಗಾದರೆ ತಾನೇ ಮಾಡಿಕೊಳ್ಳುವುದು ಸರಿ ಅನ್ನೋಣವೆಂದರೆ, ಕಳ್ಳಂಬೆಳ್ಳದ ಇನ್ನೊಬ್ಬ ಹುಡುಗ ಒಂದು ಹಳೇ ಜೀಪು ತಂದು, ಪ್ರತಿ ನಟ್ಟೂ ತಾನೇ ಬಿಗಿದು, ಆರ್.ಟಿ.ಓ. ಒಪ್ಪಿಗೆಗಳನ್ನೆಲ್ಲ ತೆಗೆದುಕೊಂಡು, ಬಣ್ಣ ಹೊಡೆದು ನಿಲ್ಲಿಸಿದ. ನಿಲ್ಲಿಸಿದ್ದಷ್ಟೇ. ಎಲ್ಲಿ ಗೀರು ಬೀಳುತ್ತದೋ ಎಂದು ಅದನ್ನು ಅವನು ಕೆರೆ ಏರಿಯಿಂದಾಚೆ ತೆಗೆದದ್ದೇ ಇಲ್ಲ. ಊರಿಗೆ ಬಸ್ಸಿನಲ್ಲೇ ಬರುತ್ತಾನೆ. ಈಗ ಹೇಳಿ, ಯಾವುದನ್ನು ಸರಿ ಅನ್ನಲಿ?

ಇಷ್ಟು ಗೊಂದಲದಲ್ಲಿ ಇದ್ದವನ ಮುಂದೆ ಶ್ರಾವಣಿ ಬಂದಳು.

ಪಾವಗಡ ತಾಲ್ಲೂಕಿನ ಬಲಸಮುದ್ರದವಳು, ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ಹುಟ್ಟಿದಾಗಲೇ ಬಲಗಾಲಿನ ಪಾದ ತಿರುಚಿಕೊಂಡಿತ್ತಂತೆ. ಆಪರೇಷನ್ ಆಗಿ ಪಾದ ನೆಟ್ಟಗಾದರೂ ಅದರಲ್ಲಿ ಬಲ ಬಂದಿರಲಿಲ್ಲ. ನಡೆಯುತ್ತಿದ್ದಳು, ಆದರೆ ಆ ಪಾದದಿಂದ ಏನನ್ನೂ ಒತ್ತಲಾಗುತ್ತಿರಲಿಲ್ಲ. ಊರಿನ ಪಕ್ಕದ ಸೋಲಾರ್ ಬಯಲಿನಲ್ಲಿ, ಒಬ್ಬ ಗುತ್ತಿಗೆದಾರರ ಕೈಕೆಳಗೆ ಗೇಟಿನ ಹತ್ತಿರ ಕೂತು ಒಳಗೆ ಹೋಗುವವರನ್ನು ವಿಚಾರಿಸುವ ಕೆಲಸ. ಒಳಗಿನ ಪ್ಯಾನೆಲ್ ತೊಳೆಯುವ ತಂಡಗಳ ಮೇಲೆ ಸೂಪರ್‌ವೈಸರ್ ಬೇಕಾಗಿತ್ತು. ಅವಳನ್ನೇ ಮಾಡುತ್ತೇವೆ, ಆದರೆ ಬಯಲು ಬಹಳ ದೊಡ್ಡದು, ಸ್ವಂತ ಗಾಡಿ ಓಡಿಸಿಕೊಂಡು ಸುತ್ತಬೇಕು, ಸಂಕ್ರಾಂತಿಯೊಳಗೆ ಲೈಸೆನ್ಸು ತೋರಿಸಬೇಕು ಎಂದಿದ್ದರು. ಇಲ್ಲದಿದ್ದರೆ ಕೆಲಸ ಬೇರೆಯವರಿಗೆ. ಅವಳು ಮಧುಗಿರಿಯಲ್ಲಿದ್ದ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡು ಕಲಿಯಲು ಬಂದಿದ್ದಳು.

"ಗೇಟ್ ಹತ್ರ ಕೂತು ಬೇರೆಯೋರು ಒಳಗೆ ಹೋಗೋದು ನೋಡಿ ನೋಡಿ ಸಾಕಾಗೈತೆ ಸರ್" ಅಂದಳು. "ಒಂದ್ಸಲ ನಾನೂ ಒಳಗೆ ಹೋಗ್ಬೇಕು, ಅಷ್ಟೇ."

ಗೋವಿಂದಪ್ಪನವರು ನನ್ನನ್ನು ಪಕ್ಕಕ್ಕೆ ಕರೆದು, "ನಮ್ಮ ಕಾರಲ್ಲಿ ಆಗಾಕಿಲ್ಲ ಕಣಯ್ಯ. ಅವಳಿಗೆ ತಕ್ಕ ಕಾರು ಬೇಕು. ಹೊಳವನಹಳ್ಳಿ ಶಿವಣ್ಣ ಮೇಷ್ಟ್ರು ಕಾರು ಮಾರ್ತಾರಂತೆ, ಕೈಯಲ್ಲೇ ಓಡ್ಸೋದು. ಅದನ್ನ ಕೊಡಿಸ್ಬುಡು, ರೆಡಿ ಐತೆ" ಅಂದರು. ಗೋವಿಂದಪ್ಪನವರ ಗುಣವೇ ಅದು. ಯಾವ ಕಷ್ಟಕ್ಕೂ ಎಲ್ಲೋ ಒಂದು ಕಡೆ ರೆಡಿ ಪರಿಹಾರ ಇದೆಯೆಂದು ನಂಬಿದವರು. ನಾನೂ ತಲೆ ಆಡಿಸಿದೆ. ಕಾಗದಪತ್ರ ಎಲ್ಲ ಸರಿಯಿರುವ ಕಾರು, ಸಂಕ್ರಾಂತಿಗೆ ಮೊದಲು ಕಲಿಯಬಹುದು, ಇನ್ನೇನು ಬೇಕು?

ಹೊಳವನಹಳ್ಳಿಗೆ ಹೋದೆವು. ಶಿವಣ್ಣ ಮೇಷ್ಟ್ರು ನಡುವಯಸ್ಸಿನಲ್ಲಿ ಎರಡೂ ಕಾಲು ಸೋತವರು, ಈಗ ಕಣ್ಣೂ ಮಂಜಾಗಿ ಕಾರು ಮಾರಲು ಕೂತಿದ್ದರು. ಕಾರನ್ನು ಮಗುವಿನ ಹಾಗೆ ನೋಡಿಕೊಂಡಿದ್ದರು. ಸ್ಟೇರಿಂಗಿನ ಎಡಗಡೆ ಒಂದು ಉದ್ದನೆಯ ಹಿಡಿ. ಮುಂದಕ್ಕೆ ನೂಕಿದರೆ ಕಾರು ಓಡುತ್ತದೆ, ಹಿಂದಕ್ಕೆ ಎಳೆದರೆ ಬ್ರೇಕು.

"ಸಾಮಾನ್ಯವಾಗಿ ಎಲ್ರೂ ಇದನ್ನ ತಿರುಗಾಮುರುಗಾ ಮಾಡಿಸ್ತಾರೆ" ಅಂದರು ಮೇಷ್ಟ್ರು. "ನಾನು ಚಿಕ್ಕಂದಿನಲ್ಲಿ ಎತ್ತಿನ ಗಾಡಿ ಹೊಡೀತಿದ್ದೆ ನೋಡಮ್ಮ. ಹಗ್ಗ ಎಳೆದ್ರೆ ಎತ್ತು ನಿಲ್ತವೆ. ಅವಸರ ಬಂದಾಗ ನನ್ನ ಕೈಗೆ ಗೊತ್ತಿರೋದು ಅದೊಂದೇ. ಅದಕ್ಕೆ ಹಿಂಗೆ ಮಾಡಿಸ್ಕೊಂಡೆ."

ಶ್ರಾವಣಿ ಕೂತಳು. ನಾನು ಎಡಗಡೆ ಕೂತೆ. ಮೇಷ್ಟ್ರು ಮನೆಯ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕಾರಿನ ಸದ್ದು ಕೇಳಲು ಕೂತರು. ನಾನು ಎಂದಿನಂತೆ, "ಹೂಂ, ಬುಡಮ್ಮ" ಅಂದೆ. ಅವಳು ನನ್ನ ಮುಖ ನೋಡಿ, ಹೋಗು ಎಂದು ಅರ್ಥ ಮಾಡಿಕೊಂಡು ಹಿಡಿಯನ್ನು ಮೆಲ್ಲಗೆ ಮುಂದಕ್ಕೆ ನೂಕಿದಳು. ಕಾರು ಹೊರಟಿತು. ಊರಾಚೆಯ ಖಾಲಿ ಹಾದಿಯಲ್ಲಿ ಹೋಗಿ ತಿರುಗಿಸಿಕೊಂಡು ಬರುವಾಗ ಸ್ವಲ್ಪ ವೇಗ ಹೆಚ್ಚಾಯಿತು. ಎದುರಿಗೆ ತಿರುವು, ತಿರುವಿನಲ್ಲಿ ರಾಗಿ ಹುಲ್ಲಿನ ಬಣವೆ. ನಾನು ಬ್ರೇಕು ಒತ್ತಿದೆ. ಒತ್ತಿದ್ದು ಬರೀ ಮ್ಯಾಟು. ಆ ಕಾರಿನ ಎಡಗಡೆ ಬ್ರೇಕೇ ಇಲ್ಲ ಅನ್ನುವುದು ನನಗೆ ಆಗ ಹೊಳೆಯಿತು. ಹಿಡಿಯಿಂದ ಕೈ ತೆಗೆಯಲಿ ಎಂದು, "ಬುಡು! ಬುಡು! ಬುಡಮ್ಮ!" ಎಂದು ಕಿರುಚಿದೆ.

ಅವಳಿಗೆ ನಾನು ಆಗಷ್ಟೇ ಕಲಿಸಿದ್ದ ಬುಡು ಅಂದರೆ ಹೋಗು. ಪಾಪ, ನನ್ನ ಮಾತು ಮೀರಬಾರದೆಂದು ಇನ್ನಷ್ಟು ಜೋರಾಗಿ ನೂಕಿದಳು. ಕಾರು ಬಣವೆಯೊಳಗೆ ಬಾನೆಟ್ಟಿನವರೆಗೂ ಹೋಗಿ ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ದೀಪವೊಂದು ಒಡೆದಿತ್ತು, ಅಷ್ಟೇ. ಶ್ರಾವಣಿಯ ತಲೆಯ ತುಂಬ ಹುಲ್ಲು. "ನೀವು ಬುಡು ಅಂದ್ರಲ್ಲ ಸರ್" ಅಂದಳು. ಮೇಷ್ಟ್ರ ಮೇಲೆ ತಪ್ಪು ಹೊರಿಸೋಣವೆಂದರೆ ಅವರ ಕಾರು ಅವರಿಗೆ ಸರಿಯಾಗಿಯೇ ಇತ್ತು. ಅವಳ ಮೇಲೆ ಹೊರಿಸೋಣವೆಂದರೆ ಅವಳು ಹೇಳಿದ್ದನ್ನೇ ಮಾಡಿದ್ದಳು. ಬಣವೆಯ ಯಜಮಾನ ಬಂದು, "ಯಾರು ಬುಟ್ಟಿದ್ದು ಕಾರ್ನ?" ಎಂದು ಜೋರು ಮಾಡಿದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕೂದಲಲ್ಲಿ ಉಳಿದಿದ್ದ ಹುಲ್ಲು ಕೀಳುತ್ತ, "ಆ ಕಾರಿಗೆ ಎತ್ತು ಗೊತ್ತು ಸರ್, ನಾನು ಗೊತ್ತಿಲ್ಲ" ಅಂದಳು. "ನನ್ನ ಎಡಗಾಲು ಚೆನ್ನಾಗೈತೆ ಕದಾ. ಅದಕ್ಕೆ ತಕ್ಕಂಗೆ ನಾನೇ ಒಂದು ಮಾಡಿಸ್ಕೊಂತೀನಿ."

"ಸಂಕ್ರಾಂತಿಗೆ ಮುಂಚೆ ಆಗ್ತದೇನಮ್ಮ? ಒಪ್ಪಿಗೆ ತಗೋಬೇಕು, ಆರ್.ಸಿ.ಯಲ್ಲಿ ಬರೆಸ್ಬೇಕು..."

"ಆಗದಿದ್ರೆ ಗೇಟ್ ಇದ್ದೇ ಐತಲ್ಲ ಸರ್, ಎಲ್ಲಿಗೂ ಹೋಗಲ್ಲ" ಅಂದಳು. ರೆಡಿ ಕಾರನ್ನೇ ಇನ್ನೊಮ್ಮೆ ನೋಡು ಅನ್ನಬೇಕೋ, ನೀನು ಹೇಳುವುದೇ ಸರಿ ಅನ್ನಬೇಕೋ ತಿಳಿಯದೆ, ಕಂಡಕ್ಟರು ಕೊಟ್ಟ ಟಿಕೆಟನ್ನು ಮಡಚುತ್ತ ಕೂತೆ.

ಅವಳ ಅಣ್ಣ ಗೇರು ಹಾಕುವ ಕೆಲಸವಿಲ್ಲದ ಒಂದು ಹಳೇ ಕಾರು ಹುಡುಕಿ ತಂದ. ಅದರಲ್ಲಿ ಕ್ಲಚ್ಚು ಇರುವುದಿಲ್ಲ, ಬ್ರೇಕು ಮತ್ತು ಆಕ್ಸಿಲರೇಟರು ಎರಡೇ. ಅದನ್ನು ಅನ್ವರ್ ಭಾಯಿಯ ಗ್ಯಾರೇಜಿಗೆ ತೆಗೆದುಕೊಂಡು ಹೋದೆವು. ಬ್ರೇಕಿನ ಎಡಗಡೆಗೆ ಇನ್ನೊಂದು ಆಕ್ಸಿಲರೇಟರು ಬರಬೇಕು, ಎರಡೂ ಎಡಗಾಲಿನಲ್ಲೇ ನಡೆಯಬೇಕು, ಬಲಗಡೆಯ ಪೆಡಲಿಗೆ ಕಾಲು ತಾಗದಂತೆ ಒಂದು ತಗಡು ಅಡ್ಡ ಇರಬೇಕು. ಇಷ್ಟನ್ನು ನಾನು ವಿವರಿಸಿದೆ. ಅನ್ವರ್ ಭಾಯಿ ನನ್ನ ಮಾತು ಮುಗಿಯುವವರೆಗೂ ಟೀ ಕುಡಿದು, ಗ್ಲಾಸು ಕೆಳಗಿಟ್ಟರು.

"ರಂಗಧಾಮಣ್ಣ, ಕಾರು ನಿಮ್ದಾ?"

"ಅಲ್ಲ."

"ಹಂಗಾದ್ರೆ ಸ್ವಲ್ಪ ಆಚೆ ನಿಂತ್ಕಳಿ."

ಅವರು ಒಂದು ತಟ್ಟೆಯಲ್ಲಿ ಸುಣ್ಣದ ಪುಡಿ ತಂದು, "ಬೇಟಿ, ಎಡಗಾಲಿನ ಚಪ್ಪಲಿ ಇದ್ರಲ್ಲಿ ಒತ್ತು" ಅಂದರು. ಆಮೇಲೆ ಕಾರಿನಲ್ಲಿ ಕೂರಿಸಿ, "ಕಣ್ ಮುಚ್ಕೋ. ಕಾಲು ಎತ್ತಿ ಹಂಗೇ ಇಡು. ಯೋಚನೆ ಮಾಡ್ಬೇಡ, ಇಡು" ಅಂದರು. ಅವಳು ಇಟ್ಟಳು. ಮ್ಯಾಟಿನ ಮೇಲೆ ಬಿಳಿ ಗುರುತು ಬಿತ್ತು. ಮತ್ತೆ ಎತ್ತಿಸಿದರು, ಇಡಿಸಿದರು. ಬೇರೆ ಮಾತಾಡಿಸುತ್ತ, ಊರು ಯಾವುದು, ಅಲ್ಲಿ ಬಿಸಿಲು ಹೆಂಗೆ, ಪ್ಯಾನೆಲ್ಲಿಗೆ ನೀರು ಎಲ್ಲಿಂದ ತರುತ್ತಾರೆ ಎಂದು ಕೇಳುತ್ತ, ನಡುವೆ ತಟ್ಟನೆ "ಇಡು!" ಅನ್ನುತ್ತಿದ್ದರು. ಗುರುತುಗಳೆಲ್ಲ ಒಂದರ ಮೇಲೊಂದು ಬಿದ್ದ ಜಾಗದಲ್ಲಿ ಪೆಡಲು ಕೂರಿಸಿದರು. ಇಷ್ಟು ವರ್ಷ ನಾನು ಕಲಿಯುವವರ ಕಾಲನ್ನು ಪೆಡಲಿನ ಮೇಲೆ ಇರಿಸಲು ಗಂಟಲು ಹರಿದುಕೊಂಡಿದ್ದೆ. ಪೆಡಲನ್ನು ಕಾಲಿನ ಹತ್ತಿರ ತರಬಹುದು ಅನ್ನುವ ಯೋಚನೆ ನನಗೆ ಬಂದಿರಲಿಲ್ಲ. ಆದರೆ ಎಲ್ಲರಿಗೂ ಹಾಗೆ ತರಲು ಹೋದರೆ ಸ್ಕೂಲು ನಡೆಸುವುದು ಹೇಗೆ ಅನ್ನುವುದೂ ತಿಳಿಯಲಿಲ್ಲ.

ನಾನು ಹಟ ಹಿಡಿದು ಎಡಗಡೆ ಸೀಟಿಗೆ ನನ್ನದೊಂದು ಬ್ರೇಕು ಹಾಕಿಸಿಕೊಂಡೆ. ಬಣವೆಯ ಅನುಭವ ಆದವನು ನಾನು. ಕಲಿಯುವವರೆಗೆ ಇರಲಿ, ಆಮೇಲೆ ತೆಗೆದುಬಿಡಿ ಎಂದೆ. ಒಪ್ಪಿಗೆಯ ಓಡಾಟವೆಲ್ಲ ಮುಗಿದು ಕಾರು ಕೈಗೆ ಬರುವ ಹೊತ್ತಿಗೆ ಸಂಕ್ರಾಂತಿಗೆ ಹೆಚ್ಚು ದಿನ ಉಳಿದಿರಲಿಲ್ಲ.

ಕಲಿಕೆ ಶುರುವಾಯಿತು. ಮೊದಲ ದಿನವೇ ಶ್ರಾವಣಿ ಒಂದು ಷರತ್ತು ಹಾಕಿದಳು. "ಸರ್, ಆ ಬುಡು ಅನ್ನೋ ಮಾತು ಈ ಕಾರಲ್ಲಿ ಬೇಡ. ಹೋಗು ಅನ್ನಿ, ನಿಲ್ಲು ಅನ್ನಿ." ನಾನು ಒಪ್ಪಿದೆ. ಒಪ್ಪುವುದು ಸುಲಭ, ನಾಲಿಗೆಗೆ ಬುಡು ಬರುತ್ತಲೇ ಇತ್ತು. ಬಂದಾಗಲೆಲ್ಲ ಅವಳು ತೆಲುಗು ಬೆರೆಸಿ ನಗುತ್ತ, "ಏ ಬುಡು ಸರ್?" ಅನ್ನುತ್ತಿದ್ದಳು. ಯಾವ ಬುಡು ಎಂದು ಹೇಳುವುದರೊಳಗೆ ಎದುರಿನ ಗಾಡಿ ದಾಟಿ ಹೋಗಿರುತ್ತಿತ್ತು.

ಅವಳು ಚೆನ್ನಾಗಿ ಓಡಿಸುತ್ತಿದ್ದಳು. ಅಥವಾ ಹಾಗೆಂದು ನನಗೆ ಅನ್ನಿಸುತ್ತಿತ್ತು. ಕಳ್ಳಂಬೆಳ್ಳದ ಹತ್ತಿರ ಒಂದು ದಿನ ಎಮ್ಮೆಗಳ ಹಿಂಡು ರಸ್ತೆಗೆ ಬಂತು. ಕಾರು ನಯವಾಗಿ, ಸರಿಯಾದ ದೂರದಲ್ಲಿ ನಿಂತಿತು. "ಭೇಷ್" ಅಂದೆ. ಅವಳು ಖುಷಿಪಡಲಿಲ್ಲ. ಎಮ್ಮೆಗಳು ದಾಟಿ ಹೋದ ಮೇಲೂ ಕಾರು ತೆಗೆಯದೆ ನನ್ನ ಕಾಲಿನ ಕಡೆ ನೋಡಿದಳು.

"ಸರ್, ಈಗ ಬ್ರೇಕ್ ಹಾಕಿದ್ದು ನಾನಾ, ನೀವಾ?"

ನನ್ನ ಕಾಲು ಪೆಡಲಿನ ಮೇಲಿತ್ತು. ನಾನು ಒತ್ತಿದ್ದು ನಿಜ. ಅವಳು ಒತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಯಾರು ಮೊದಲು ಅನ್ನುವುದಂತೂ ದೇವರಿಗೇ ಗೊತ್ತು. "ಇಬ್ಬರೂ ಹಾಕಿದ್ವೇನೋ" ಅಂದೆ.

"ಟೆಸ್ಟಿನ ದಿನ ಇನ್‌ಸ್ಪೆಕ್ಟರ್ ಕೂತಿರ್ತಾರೆ ಅಲ್ಲಿ. ನೀವಿರಲ್ಲ. ನಾನು ಹಾಕಿಲ್ಲ ಅಂದ್ರೆ?"

"ಹಾಕ್ತೀಯ ಬುಡಮ್ಮ."

"ಏ ಬುಡು ಸರ್?" ಅಂದಳು, ಆದರೆ ಈ ಸಲ ನಗಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ನನ್ನ ಹೆಂಡತಿ, "ಯಾಕ್ರೀ, ತಟ್ಟೆ ನೋಡ್ತಾ ಕೂತ್ರಿ?" ಎಂದು ಕೇಳಿದಳು. ನಾನು ಲೆಕ್ಕವಿಲ್ಲದಷ್ಟು ಜನಕ್ಕೆ ಕಲಿಸಿದ್ದೆ. ಎಲ್ಲರಿಗೂ ಭೇಷ್ ಅಂದಿದ್ದೆ. ಅವರೆಲ್ಲ ನಿಲ್ಲಿಸಿದ್ದು ಅವರೋ ನಾನೋ? ಲೈಸೆನ್ಸು ಬಂದ ಮೇಲೂ ತಿಂಗಳುಗಟ್ಟಲೆ ಕಾರು ಮುಟ್ಟಲು ಹೆದರುತ್ತಿದ್ದವರ ಮುಖಗಳು ನೆನಪಾದವು. ಹೆದರಿಕೆಯವರು, ಬುದ್ಧಿ ಸಾಲದವರು ಎಂದು ಅವರ ಬಗ್ಗೆ ಅಂದುಕೊಂಡಿದ್ದೆ. ಈಗ ಏನು ಅಂದುಕೊಳ್ಳಬೇಕೋ ತೋಚಲಿಲ್ಲ. ಹಾಗೆಂದು ಬ್ರೇಕಿಲ್ಲದೆ ಹೊಸಬರ ಪಕ್ಕ ಕೂರುವುದೂ ಸಾಧ್ಯವಿಲ್ಲ. ಹೊಸ ಹುಡುಗರೇ, ಇದಕ್ಕೆ ನಿಮಗೆ ಉತ್ತರ ಸಿಕ್ಕರೆ ನನಗೂ ತಿಳಿಸಿ.

ಮಾರನೆಯ ದಿನ ಶ್ರಾವಣಿ ಅಣ್ಣನ ಜೊತೆ ಸಿರಾಕ್ಕೆ ಹೋಗಿ ಬಂದಳು. ಪೆಡಲು ಕಿರ್ರ್ ಅನ್ನುತ್ತಿತ್ತು, ಎಣ್ಣೆ ಹಾಕಿಸಿದೆ ಅಂದಳು. ಆಮೇಲಿನ ಪಾಠಗಳೆಲ್ಲ ಮೊದಲಿಗಿಂತ ಚೆನ್ನಾಗಿ ನಡೆದವು. ಕೊರಟಗೆರೆಯ ಸಂತೆಯ ಜನದ ನಡುವೆ ಹೋದೆವು. ಸಿರಾದ ಹೈವೇ ಕೆಳಗಿನ ರಸ್ತೆಯಲ್ಲಿ ಲಾರಿಗಳ ಪಕ್ಕ ಹೋದೆವು. ನಾನು ಬೇಕಾದಲ್ಲೆಲ್ಲ ಕಾಲು ಒತ್ತಿದೆ, ಕಾರು ಬೇಕಾದಲ್ಲೆಲ್ಲ ನಿಂತಿತು. ನನ್ನ ಪೆಡಲು ಸ್ವಲ್ಪ ಮೆತ್ತಗಾಗಿದೆ ಅನ್ನಿಸಿತು. ವಯಸ್ಸಾಯಿತು, ಕಾಲಿಗೆ ಅಂದಾಜು ಸಿಗುತ್ತಿಲ್ಲ ಎಂದುಕೊಂಡು ಯಾರಿಗೂ ಹೇಳಲಿಲ್ಲ. ಒಂದು ಸಲವಂತೂ ಮಧುಗಿರಿ ಕೋಟೆಯ ಬುಡದ ಇಳಿಜಾರಿನಲ್ಲಿ ಸೈಕಲ್ಲಿನವನು ಅಡ್ಡ ಬಂದಾಗ ನಾನು ಒತ್ತಿದ ಒತ್ತಿಗೆ ಕಾರು ಅಲ್ಲೇ ನಿಂತಿತು. ಸದ್ಯ ನಾನಿದ್ದೆ ಎಂದು ಮನಸ್ಸಿನಲ್ಲಿ ಬೀಗಿದೆ.

ಟೆಸ್ಟಿನ ಹಿಂದಿನ ದಿನ, ನನ್ನ ಬ್ರೇಕು ತೆಗೆಸಲು ಅನ್ವರ್ ಭಾಯಿಯ ಹತ್ತಿರ ಹೋದೆವು. ಅವರು ಎಡಗಡೆ ಬಾಗಿಲು ತೆರೆದು, ಬಗ್ಗಿ, ಒಂದೇ ಏಟಿಗೆ ಪೆಡಲನ್ನು ಕೈಯಲ್ಲಿ ಎತ್ತಿಕೊಂಡು ಬಂದರು. ಸ್ಪಾನರು ಕೂಡ ಮುಟ್ಟಲಿಲ್ಲ.

"ಇದೇನು ಭಾಯಿ, ಇಷ್ಟು ಬೇಗ ಬಂತು?"

ಅನ್ವರ್ ಭಾಯಿ ಶ್ರಾವಣಿಯ ಮುಖ ನೋಡಿದರು. ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಕ್ಷಮಿಸಿ ಸರ್" ಅಂದಳು. "ನಿಮ್ ಬ್ರೇಕಿನ ಸರಳು ಕಿತ್ತಾಕಿಸಿ ಒಂದು ವಾರ ಆತು. ಅದು ಬರೀ ಸ್ಪ್ರಿಂಗ್ ಮೇಲೆ ಕೂತಿತ್ತು."

ನನಗೆ ಅರ್ಥವಾಗಲು ಸಮಯ ಹಿಡಿಯಿತು. ಸಂತೆ, ಲಾರಿಗಳು, ಸೈಕಲ್ಲಿನವನು. ಆಮೇಲೆ ಸಿಟ್ಟು ನೆತ್ತಿಗೇರಿತು. "ಏನ್ ತಿಳ್ಕೊಂಡಿದೀರ ಇಬ್ಬರೂ? ಏನಾದ್ರೂ ಆಗಿದ್ರೆ? ಜನ ಸತ್ತಿದ್ರೆ? ನನ್ನ ಗತಿ ಏನು?" ಎಂದು ಗ್ಯಾರೇಜಿನ ಮುಂದೆ ನಿಂತು ಬಾಯಿಗೆ ಬಂದದ್ದು ಬೈದೆ.

"ಹ್ಯಾಂಡ್ ಬ್ರೇಕು ನಿಮ್ಮ ಕೈ ಪಕ್ಕದಲ್ಲೇ ಇತ್ತಲ್ಲ ರಂಗಧಾಮಣ್ಣ" ಅಂದರು ಅನ್ವರ್ ಭಾಯಿ ಮೆಲ್ಲಗೆ. "ಒಂದ್ಸಲಾನೂ ಬೇಕಾಗ್ಲಿಲ್ಲ ಅಲ್ವಾ?"

"ನಿಮಗೆ ಹೇಳಿದ್ರೆ ನೀವು ಕೂರ್ತಿರ್ಲಿಲ್ಲ ಸರ್" ಅಂದಳು ಶ್ರಾವಣಿ. ಕಣ್ಣಲ್ಲಿ ನೀರಿತ್ತು. "ನೀವು ಕೂತಿಲ್ಲ ಅಂದ್ರೆ ನನಗೆ ಧೈರ್ಯ ಬರ್ತಿರ್ಲಿಲ್ಲ. ನೀವು ಒತ್ತಿದ್ರೆ ನಾನು ಹಾಕಿದ್ದು ನನಗೆ ಗೊತ್ತಾಗ್ತಿರ್ಲಿಲ್ಲ. ಇನ್ನೇನ್ ಮಾಡ್ಲಿ, ನೀವೇ ಚೆಪ್ಪಂಡಿ."

ಏನು ಹೇಳಲಿ? ಅವಳು ಮಾಡಿದ್ದು ತಪ್ಪು, ಹುಡುಗರೇ, ನೀವು ಯಾರೂ ಹಾಗೆ ಮಾಡಲು ಬಿಡಬೇಡಿ. ಅನ್ವರ್ ಭಾಯಿ ತರಿಸಿದ ಟೀಯನ್ನು ಸಿಟ್ಟಿನಲ್ಲೇ ಕುಡಿದೆ. ಹಿಂದಿರುಗುವಾಗ ದಾರಿಯುದ್ದಕ್ಕೂ ನನ್ನ ಕಾಲ ಕೆಳಗೆ ಏನೂ ಇರಲಿಲ್ಲ. ಆದರೂ ಕಾಲು ಒತ್ತುತ್ತಲೇ ಇತ್ತು.

ಮಾರನೆಯ ದಿನ ಅವಳು ಟೆಸ್ಟಿನಲ್ಲಿ ಪಾಸಾದಳು. ಅದರ ಬಗ್ಗೆ ಹೇಳುವಂಥದ್ದು ಏನಿಲ್ಲ, ನಾನು ದೂರದಲ್ಲಿ ಬೇವಿನ ಮರದ ಕೆಳಗೆ ನಿಂತಿದ್ದೆ. ಸಂಕ್ರಾಂತಿಯ ಎಳ್ಳುಬೆಲ್ಲ ಕೊಡಲು ಅವಳು ಒಬ್ಬಳೇ ಬಲಸಮುದ್ರದಿಂದ ಕಾರು ಓಡಿಸಿಕೊಂಡು ನಮ್ಮ ಮನೆಗೆ ಬಂದಳು. ಗೇಟಿನ ಕೆಲಸ ಬಿಟ್ಟು ಒಳಗೆ ಹೋಗುತ್ತಿದ್ದಾಳೆ. ತಂಡದ ಹೆಂಗಸರು ಅವಳ ಕಾರು ಕಂಡ ಕೂಡಲೇ ಮಾತು ನಿಲ್ಲಿಸಿ ಪ್ಯಾನೆಲ್ ತೊಳೆಯಲು ಶುರು ಮಾಡುತ್ತಾರಂತೆ. ಅದನ್ನು ಹೇಳುವಾಗ ಅವಳ ಮುಖದಲ್ಲಿದ್ದ ಹೆಮ್ಮೆ ನೋಡಿ ನನಗೆ ಸಂತೋಷವಾಯಿತು, ಆ ಹೆಂಗಸರ ಬಗ್ಗೆ ಸ್ವಲ್ಪ ಪಾಪ ಅನ್ನಿಸಿತು.

ಹೊರಡುವಾಗ ನಾನು ರಸ್ತೆಯವರೆಗೆ ಹೋದೆ. ಅವಳು ಕೂತು ಬಾಗಿಲು ಹಾಕಿಕೊಂಡಳು. ಎಡಗಡೆ ಸೀಟಿನ ಮೇಲೆ ಅವಳ ಚೀಲ, ಊಟದ ಡಬ್ಬಿ ಇದ್ದವು. ಕಿಟಕಿಯಿಂದ ತಲೆ ಹೊರಗೆ ಹಾಕಿ, ತುಂಟತನದಿಂದ ನಮ್ಮದೇ ಮಾತಿನಲ್ಲಿ, "ಬುಡ್ಲಾ ಸರ್?" ಅಂದಳು.

"ಬುಡಮ್ಮ" ಅಂದೆ. ಅವಳು ಯಾವ ಬುಡು ಎಂದು ಕೇಳಲಿಲ್ಲ.

ಕಾರು ಹೋಯಿತು. ಬೀದಿಯ ಕೊನೆಯಲ್ಲಿ ಒಂದು ಆಟೋ ಹಾರ್ನು ಹೊಡೆಯದೆ ಅಡ್ಡ ನುಗ್ಗಿತು. ನಿಂತಲ್ಲೇ ನನ್ನ ಬಲಗಾಲು ನೆಲವನ್ನು ಒತ್ತಿತು. ಕಾರು ನಿಂತಿತು. ಬ್ರೇಕು ಹಾಕಿದ್ದು ಯಾರೆಂದು ಈ ಸಲ ನನಗೆ ಗೊಂದಲವಾಗಲಿಲ್ಲ.